ಹನ್ನೊಂದು ಜನ, ಹತ್ತು ರೊಟ್ಟಿ

ನಮ್ಮ ಬೊಯ್ಸುನ್ ಬೆಟ್ಟದ ಹಳ್ಳಿಗಳಲ್ಲಿ ದೂರ ಹೊರಟವರು ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗುತ್ತಾರೆ. ಉಳಿದದ್ದನ್ನು ಗೂಟಕ್ಕೆ ತೂಗುಹಾಕುತ್ತೇವೆ. ಮರಳಿ ಬಂದವರೇ ಅದನ್ನು ತಿನ್ನಬೇಕು. ನಾನು ಇಲ್ಲಿಯ ದೊಡ್ಡ ಗುಹೆಯ ಕಾವಲುಗಾರ. ಗುಹೆಗೆ ಇಳಿಯುವವರಿಗೂ ಇದೇ ಪದ್ಧತಿ. ಗೂಟ ಖಾಲಿಯಾದರೆ ಎಲ್ಲರೂ ಹೊರಗೆ ಬಂದಂತೆ. ಮೂವತ್ತು ವರ್ಷ ಹಾಗೆಯೇ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿದೆ.

ಊರಿನ ದಾದಿ ಸನೋಬರ್ ಒಮ್ಮೆ ಒಂದು ನೋಟ್‌ಬುಕ್ ತಂದುಕೊಟ್ಟಳು.

"ಎಶ್ಮುರಾದ್ ಅಜ್ಜ, ಒಳಗೆ ಹೋಗೋರ ಹೆಸರು ಬರ್ಕೊಳ್ಳಿ. ಹೊರಗೆ ಬಂದಾಗ ಒಬ್ಬೊಬ್ಬರನ್ನೇ ಕೂಗಿ."

"ಬರೆಯೋಕೆ ಬಂದಿದ್ರೆ ಈ ತೂತಿನ ಬಾಯಲ್ಲಿ ಯಾಕೆ ಕೂತಿರ್ತಿದ್ದೆ ಮಗಳೇ?"

"ಅವರೇ ಬರೀತಾರೆ. ನೀವು ತಲೆ ಎಣಿಸಿ ಸಾಕು."

"ಅತಿಥಿಗಳನ್ನ ಕುರಿ ಎಣಿಸ್ದಂಗೆ ಎಣಿಸ್ಲಾ? ನನ್ನ ರೊಟ್ಟಿ ಇದೆಯಲ್ಲ!"

ನನ್ನ ಹೆಂಡತಿ ಓಯ್ದಿನ್ ಕೂಡ ನಕ್ಕಳು. ಆ ನೋಟ್‌ಬುಕ್ಕಿನ ಹಾಳೆಗಳು ತಂದೂರು ಹೊತ್ತಿಸಲು ಒದಗಿದವು.

ಆ ವಸಂತದಲ್ಲಿ ಎರಡು ವ್ಯಾನುಗಳಲ್ಲಿ ಹನ್ನೊಂದು ಪ್ರವಾಸಿಗರು ಬಂದರು. ಅವರಲ್ಲಿ ಮೊಹಿಗುಲ್, ಸದಾಫ್ ಎಂಬ ಅಕ್ಕ ತಂಗಿ ಇದ್ದರು.

"ಅಜ್ಜ, ನಮ್ಮಿಬ್ಬರಿಗೂ ಒಂದೇ ರೊಟ್ಟಿ ಸಾಕು," ಎಂದಳು ತಂಗಿ ಸದಾಫ್. "ಹೇಗೂ ನನ್ನ ಪಾಲನ್ನೂ ಇವಳೇ ನುಂಗ್ತಾಳೆ."

ಎಲ್ಲರೂ ನಕ್ಕರು. ನಾನು ಹತ್ತು ರೊಟ್ಟಿ ತೂಗುಹಾಕಿದೆ.

ಒಳಗೆ ಕವಲು ದಾರಿಗಳಲ್ಲಿ ಅವರು ಎರಡು ಗುಂಪಾದರು. ಮುಂದಿನ ಗುಂಪಿನೊಂದಿಗೆ ಮೊಹಿಗುಲ್ ನಡುಗುತ್ತಾ ಹೊರಬಂದಳು, ರೊಟ್ಟಿಯನ್ನು ಪೂರ್ತಿ ತಿಂದಳು, ವ್ಯಾನು ಹತ್ತಿದಳು. ತಂಗಿ ಹಿಂದಿನವರ ಜೊತೆ ಬರುತ್ತಾಳೆ ಎಂದುಕೊಂಡಳು. ಹಿಂದಿನವರು, ಸದಾಫ್ ಅಕ್ಕನ ಜೊತೆ ಹೋದಳು ಎಂದುಕೊಂಡರು. ಸಂಜೆಗೆ ಗೂಟ ಖಾಲಿಯಾಯಿತು. ನಾನು ಬೀಗ ಹಾಕಿ ಮನೆಗೆ ಹೋದೆ.

ವ್ಯಾನುಗಳು ಬೇರೆ ಬೇರೆ ಊರಿನಲ್ಲಿ ತಂಗಿದ್ದವು. ಬೆಳಿಗ್ಗೆ ಒಂದೆಡೆ ಸೇರಿದಾಗಲೇ ವಿಷಯ ತಿಳಿದದ್ದು. ಮೊಹಿಗುಲ್ ಓಡಿ ಬಂದಳು.

"ಅಜ್ಜ, ನನ್ನ ತಂಗಿ ಎಲ್ಲಿ?"

"ಎಲ್ಲರೂ ಬಂದ್ರಲ್ಲಮ್ಮ. ಒಂದು ರೊಟ್ಟಿನೂ ಉಳಿದಿಲ್ಲ."

"ನಮ್ಮಿಬ್ಬರ ರೊಟ್ಟಿನ ನಾನೊಬ್ಬಳೇ ತಿಂದೆ ಅಜ್ಜ."

ಬೀಗ ತೆಗೆದೆ. ಸದಾಫ್ ಬಾಗಿಲ ಬುಡದಲ್ಲೇ ಇದ್ದಳು. ಟಾರ್ಚು ಆರಿದ ಮೇಲೂ ಗೋಡೆ ತಡವಿಕೊಂಡು ಅಲ್ಲಿಯವರೆಗೆ ಬಂದಿದ್ದಳು. ಗುಹೆಯೊಳಗಿನ ನೀರಿಗೆ ಬಟ್ಟೆ ಒದ್ದೆಯಾಗಿತ್ತು. ಚಳಿ ಅವಳನ್ನು ಉಳಿಸಿರಲಿಲ್ಲ. ಸನೋಬರ್ ಬಂದು ನಾಡಿ ನೋಡಿದಳು. ಮರುದಿನ ಹೊಸ ನೋಟ್‌ಬುಕ್ ತಂದು ಓಯ್ದಿನ್ ಕೈಗಿಟ್ಟಳು.

ಈಗ ಹೆಸರು ಬರೆಯದವರಿಗೆ ಓಯ್ದಿನ್ ರೊಟ್ಟಿ ಮುಟ್ಟಲು ಬಿಡುವುದಿಲ್ಲ.

"ಏನಜ್ಜಿ, ನಾವೇನು ಜೈಲಿಗೆ ಹೋಗ್ತಿದೀವಾ?" ಎಂದು ಮೊನ್ನೆ ಒಬ್ಬ ಕೇಳಿದ.

"ಮೊದಲು ಬರಿ ಮಗ. ಬಾಯಿ ಆಮೇಲೆ."

ಗುಂಪು ಕಟ್ಟಿಕೊಂಡು ಗುಹೆ ನೋಡಲು ಹೋಗುವವರೇ, ಒಳಗೆ ಇಳಿಯುವ ಮೊದಲು ಎಲ್ಲರ ಹೆಸರು ಬರೆಯಿರಿ. ಹೊರಬಂದ ಮೇಲೆ ಒಂದೊಂದೇ ಹೆಸರು ಕೂಗಿ, ಓಗೊಟ್ಟವರ ಮುಖ ನೋಡಿ. ಒಂದು ಹೆಸರಿಗೆ ಉತ್ತರ ಬಾರದಿದ್ದರೂ ಗಾಡಿ ಹತ್ತಬೇಡಿ, ಬೀಗ ಹಾಕಲು ಬಿಡಬೇಡಿ. ಕಾವಲುಗಾರ ಮುದುಕ, ಅನುಭವಸ್ಥ ಎಂದು ಸುಮ್ಮನಿರಬೇಡಿ. ನಾನೂ ಅನುಭವಸ್ಥನೇ ಆಗಿದ್ದೆ.