ನೇರಳೆ ಶಾಯಿಯ ಆರ್ಡರು

ರಜಾಕ್ ಸಾಬರ ನಿವೃತ್ತಿಯ ದಿನವೂ ಮಾಣಿಕಪ್ಪನ ಕೈ ಸುಮ್ಮನಿರಲಿಲ್ಲ. ಹುಮನಾಬಾದಿನ ಆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಇಬ್ಬರೂ ಕಲ್ಯಾಣದವರು, ಒಂದೇ ಬಸ್ಸಿಗೆ ಬಂದು ಒಂದೇ ಬಸ್ಸಿಗೆ ಹೋಗುವವರು. ಬೆಳಿಗ್ಗೆ ಸಾಬರು ಮೇಲಧಿಕಾರಿಯ ಕೋಣೆಗೆ ಹೋದದ್ದೇ ತಡ, ಮಾಣಿಕಪ್ಪ ಕಾಗದಕ್ಕೆ ತೂತು ಹಾಕುವ ಮಷೀನಿನ ಹೊಟ್ಟೆ ಬಿಚ್ಚಿ, ಒಳಗಿನ ದುಂಡನೆಯ ಚೂರುಗಳನ್ನೆಲ್ಲ ಸಾಬರ ಛತ್ರಿಯೊಳಗೆ ಸುರಿದ. ಮಡಚಿ ಗೂಟಕ್ಕೆ ನೇತುಹಾಕಿ, ಏನೂ ಅರಿಯದವನಂತೆ ಫೈಲಿಗೆ ದಾರ ಕಟ್ಟುತ್ತ ಕೂತ.

ಟೈಪಿಸ್ಟ್ ಶಕುಂತಲಾಬಾಯಿ ನಕ್ಕಳು. "ಇವತ್ತೊಂದ್ ದಿನರೆ ಬಿಡ್ರೀ ಕಾಕಾ. ಅವರು ನಿಮಗ ಒಮ್ಮಿನೂ ತಿರುಗಿ ಮಾಡಿಲ್ಲ."

ಮಾತು ಚುಚ್ಚಿತು. ಮಾಡಿಲ್ಲ, ನಿಜ. ಇಪ್ಪತ್ತೈದು ವರ್ಷದಿಂದ ಮಾಡಿಲ್ಲ. ಅದಕ್ಕೂ ಮೊದಲು ಈ ಚೇಷ್ಟೆಯಲ್ಲಿ ಸಾಬರದೇ ಒಂದು ಕೈ ಮೇಲು. ಮಾಣಿಕಪ್ಪನ ಬುತ್ತಿಯ ರೊಟ್ಟಿ ತೆಗೆದು ದುಂಡಗೆ ಕತ್ತರಿಸಿದ ರಟ್ಟು ಇಟ್ಟ ಮಹಾಶಯರು ಅವರೇ.

ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಉರ್ದುವಿನಲ್ಲಿದ್ದ ಕಚೇರಿಯ ಬರವಣಿಗೆ ಕನ್ನಡಕ್ಕೆ ಹೊರಳುತ್ತಿತ್ತು. ಉರ್ದು ಗುಮಾಸ್ತರನ್ನೆಲ್ಲ ದೂರದ ಊರಿಗೆ ಒಗೆಯುತ್ತಾರೆಂಬ ಗಾಳಿಸುದ್ದಿ. ಹುಡುಗಾಟದ ವಯಸ್ಸು, ಮಾಣಿಕಪ್ಪ ತನ್ನ ನೇರಳೆ ಶಾಯಿಯಲ್ಲಿ ಒಂದು ವರ್ಗಾವಣೆ ಆರ್ಡರು ಬರೆದು, ಮೊಹರು ಒತ್ತಿ, ಸಾಬರ ಮೇಜಿನ ಮೇಲಿಟ್ಟ. ಎಂಟು ದಿನದೊಳಗೆ ಚಾಮರಾಜನಗರ. ಸಾಬರು ಓದಿ, ಜೇಬಿಗಿಟ್ಟುಕೊಂಡು, ರಜೆ ಚೀಟಿ ಬರೆದು ಹೋದರು. ಎರಡು ದಿನವಾದರೂ ಬಾರದಿದ್ದಾಗ ಇವನು ಹೆದರಿ ಅವರ ಮನೆಗೆ ಓಡಿದ. ಸಾಮಾನೆಲ್ಲ ಗೋಣಿಚೀಲ ಸೇರಿತ್ತು. ಹಾಲು ಕೊಡುವ ಆಡನ್ನು ಅವರ ಹೆಂಡತಿ ಅಕ್ಬರಿ ಸಂತೆಯಲ್ಲಿ ಮಾರಿಸಿಬಿಟ್ಟಿದ್ದರು. ಕೂಸು ಹಾಲಿಗೆ ಅಳುತ್ತಿತ್ತು.

"ಭಾಯಿ, ಅದು ನಾ ಬರ್ದಿದ್ದು. ಮಜಾಕ್ ಮಾಡಿದ್ದೆ."

ಸಾಬರು ಬೈಯಲಿಲ್ಲ. ಮರುವಾರ ಮಾಣಿಕಪ್ಪ ಬೇರೊಂದು ಆಡು ಹಿಡಿದುಕೊಂಡು ಹೋದಾಗ ಬೇಡವೆನ್ನಲೂ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು, ಎಲೆ ಅಡಿಕೆ, ಮಾತು ಎಲ್ಲ ಮೊದಲಿನಂತೆಯೇ ನಡೆದವು. ಆದರೆ ಸಾಬರ ಕಡೆಯಿಂದ ಚೇಷ್ಟೆ ನಿಂತೇಹೋಯಿತು. ಒಂದು ಸಲ ತಿರುಗಿ ಮಾಡಿದರೆ ಕ್ಷಮಿಸಿದಂತೆ ಎಂದು ಮಾಣಿಕಪ್ಪ ಅಷ್ಟು ವರ್ಷ ಕೆಣಕುತ್ತಲೇ ಬಂದಿದ್ದ. ಇವತ್ತು ಕಡೆಯ ದಿನ.

ಹಾರ, ಭಾಷಣ, ಚಹಾ ಮುಗಿಸಿ ಹೊರಬಂದಾಗ ಬಿಸಿಲು ಉರಿಯುತ್ತಿತ್ತು. ಸಾಬರು ಛತ್ರಿ ಬಿಚ್ಚಿದರು. ಚೂರುಗಳು ಗಡ್ಡದ ಮೇಲೆಲ್ಲ ಸುರಿದವು. ಎಲ್ಲರೂ ನಕ್ಕರು. ಸಾಬರು ನಗದೆ ಗಡ್ಡ ಕೊಡವಿಕೊಂಡರು. ಮಾಣಿಕಪ್ಪ ತನ್ನ ಛತ್ರಿಗೆ ಕೈ ಹಾಕಿದಾಗ, "ನಿಂದು ತೆಗಿಬ್ಯಾಡ, ಇದರಾಗೇ ಬಾ" ಅಂದರು.

ಬಸ್ಸಿನಲ್ಲಿ ಮಾಣಿಕಪ್ಪ ಬಾಯಿ ಬಿಟ್ಟ. "ಭಾಯಿ, ಆ ಆರ್ಡರು..."

"ನಾಳಿಂದ ನಿನಗ ಸೀಟು ಹಿಡಿಯೋರು ಯಾರೋ?" ಎಂದು ಸಾಬರು ಮಾತು ಮರೆಸಿದರು. ತಮ್ಮ ಓಣಿಯ ಹತ್ತಿರ ಮೊದಲೇ ಇಳಿದು, ತಿರುಗಿ ನೋಡದೆ ಹೋದರು. ಮಾಣಿಕಪ್ಪ ಇನ್ನು ಮುಗಿಯಿತು ಅಂದುಕೊಂಡ.

ಸ್ಟ್ಯಾಂಡಿನಲ್ಲಿ ಇಳಿದು ತನ್ನ ಛತ್ರಿ ಬಿಚ್ಚಿದ. ಮೈತುಂಬ ಚೂರುಗಳು ಸುರಿದವು. ಕಾಗದ ಹಳದಿಗಟ್ಟಿತ್ತು. ಅಂಗೈಗೆ ತೆಗೆದುಕೊಂಡು ನೋಡಿದ: ನೇರಳೆ ಶಾಯಿ. ಒಂದರ ಮೇಲೆ ಮೊಹರಿನ ಅಂಚು. ಅದೇ ಆರ್ಡರು. ನಗುವೂ ಅಳುವೂ ಒಟ್ಟಿಗೇ ಬಂದವು. ಮನೆಯ ದಾರಿ ಬಿಟ್ಟು, ಬಂದ ದಾರಿಯಲ್ಲೇ ಸಾಬರ ಓಣಿಗೆ ನಡೆದ.

ಬಾಗಿಲು ತೆರೆದದ್ದು ಅಕ್ಬರಿ. ಅವನ ತಲೆಯ ಮೇಲಿನ ಚೂರು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಬರ್ರಿ ಭಾಯಿ. ಮೂರು ಕಪ್ ಚಾ ಇಡು ಅಂತ ಅವರು ಆಗಲೇ ಹೇಳ್ಯಾರ."

ಒಳಗೆ ಸಾಬರು ನಗುವುದು ಕೇಳಿಸಿತು.