ಆಫೀಸರು ನೋಡುವ ತನಕ

"ಕಾಲಿನ ಕಡೆ ಹಿಡಿ ಮಾಸ್ತಪ್ಪ, ಒಂದು ಮೊಳ ಈಚೆ ಎಳಿ. ಮುಖಕ್ಕೇ ಬಿಸಿಲು ಹೊಡೀತದೆ."

ಪಕ್ಕದ ಮನೆಯ ಕೆರಿಯಮ್ಮ ಹೇಳಿದ್ದು ನಿಜ. ಬೆಳಗಿನ ಬಿಸಿಲು ಮಾಡು ಹಾರಿ ಬಯಲಾದ ಕಡೆಯಿಂದ ನೇರವಾಗಿ ಇಳಿದು ಜಟ್ಟಪ್ಪನ ಮುಚ್ಚಿದ ಕಣ್ಣುಗಳ ಮೇಲೆ ಬಿದ್ದಿತ್ತು. ನಾಟಾ ಡಿಪೋದಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದ ಮಾಸ್ತಪ್ಪ ಚಾಪೆಯ ತುದಿ ಹಿಡಿದು ಹೆಣವನ್ನು ಗೋಡೆಯ ಕಡೆ ಎಳೆದ. ಪಡಸಾಲೆಯ ಮೇಲೆ ಅರ್ಧ ಭಾಗಕ್ಕೆ ಹೆಂಚೇ ಇರಲಿಲ್ಲ.

"ಗಾಳಿ ಬಡಿದು ಹತ್ತೊಂಬತ್ತು ದಿನ ಆಯ್ತಲ್ಲೇ ಕನ್ನಮ್ಮ. ನಾಲ್ಕು ಸೋಗೆನಾದ್ರೂ ಎಳೆದು ಹಾಕ್ಬಾರ್ದಿತ್ತಾ?" ಕೆರಿಯಮ್ಮನಿಗೆ ಸತ್ತವರ ಮುಂದೆಯೂ ಕೇಳುವುದನ್ನು ಕೇಳದೆ ಇರಲು ಆಗುತ್ತಿರಲಿಲ್ಲ.

"ಆಫೀಸರು ನೋಡೋ ತನಕ ಮುಟ್ಟಬಾರ್ದು ಅಂತಿದ್ರು," ಎಂದಳು ಜಟ್ಟಪ್ಪನ ಹೆಂಡತಿ ಕನ್ನಮ್ಮ.

ಈ ಒಂದು ಮಾತನ್ನು ಅವಳು ಹತ್ತೊಂಬತ್ತು ದಿನದಿಂದ ಕೇಳುತ್ತ ಬಂದಿದ್ದಳು. ಜಟ್ಟಪ್ಪ ಮನೆಗೆ ವಿಮೆ ಮಾಡಿಸಿದ್ದ. ಬೆಂಕಿ ಬಿದ್ದರೂ, ಬಿರುಗಾಳಿ ಬಡಿದರೂ ಕಂಪನಿ ದುಡ್ಡು ಕೊಡುತ್ತದೆ ಎಂದು ಡಿಪೋದ ಯಜಮಾನರ ಬಳಿಗೆ ಬಂದಿದ್ದ ಏಜೆಂಟನೊಬ್ಬ ಹೇಳಿದ್ದನ್ನು ಕೇಳಿಸಿಕೊಂಡು, ಹೋಗುವಾಗ ಅವನನ್ನು ಗೇಟಿನಲ್ಲಿ ತಡೆದು ನಿಲ್ಲಿಸಿದ್ದ. ಹೆಂಡತಿಗೆ ಮೂಗುತಿ ಮಾಡಿಸುವುದು ಬಿಟ್ಟು ಮಾಡಿಗೆ ವಿಮೆ ಮಾಡಿಸಿದ ಎಂದು ಡಿಪೋದವರೆಲ್ಲ ನಕ್ಕರು. ಐದು ವರ್ಷ ಕಂತು ತಪ್ಪಿಸಲಿಲ್ಲ. ಮೇ ತಿಂಗಳ ಮೊದಲ ವಾರ ಗಾಳಿ ಬಂದು ಹೆಂಚುಗಳನ್ನು ಹಪ್ಪಳದ ಹಾಗೆ ಹಾರಿಸಿದಾಗ ನಗುವ ಸರದಿ ಜಟ್ಟಪ್ಪನದಾಯಿತು. ಅರ್ಜಿ ಹೋಯಿತು, ಉತ್ತರ ಬಂತು. ಕಂಪನಿಯ ಸರ್ವೇಯರು ಬೇಗನೆ ಬರುತ್ತಾರೆ, ಅವರು ನೋಡುವ ತನಕ ಏನನ್ನೂ ರಿಪೇರಿ ಮಾಡಕೂಡದು. ಹೈಸ್ಕೂಲಿಗೆ ಹೋಗುವ ಮಗಳು ಮಹಾಲಕ್ಷ್ಮೀ ಇಂಗ್ಲಿಷ್ ಕಾಗದವನ್ನು ಮೂರು ಸಲ ಓದಿ ಹೇಳಿದಳು.

ಜಟ್ಟಪ್ಪ ಅಷ್ಟಕ್ಕೇ ಬಿಡುವವನಲ್ಲ. ಡಿಪೋದಲ್ಲಿ ಮರದ ದಿಮ್ಮಿಗಳಿಗೆ ನಂಬರು ಬರೆಯುವುದು ಅವನ ಕೆಲಸ. ಅದೇ ಕಪ್ಪು ಬಣ್ಣ ತಂದು ಒಡೆದ ಹೆಂಚುಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ಜೋಡಿಸಿ ಒಂದೊಂದಕ್ಕೂ ನಂಬರು ಬರೆದ. ನೂರಾ ಎಂಬತ್ತೆರಡು. ಹೆಂಡತಿ ಮಗಳನ್ನು ಅಡಿಗೆಮನೆಗೆ ಕಳಿಸಿ, ಯಾರಾದರೂ ದಯೆ ತೋರಿಸಿ ಮುಚ್ಚಿಬಿಟ್ಟಾರು ಎಂಬಂತೆ ತಾನು ಆ ಬಯಲಿನ ಕೆಳಗೇ ಮಲಗಿದ. ಮೂರು ಮಳೆ ಮೈಮೇಲೆ ಹೋಯಿತು. ನೆಗಡಿ ಕೆಮ್ಮಾಯಿತು, ಕೆಮ್ಮು ಎದೆ ಕಟ್ಟಿತು. ಆಸ್ಪತ್ರೆಗೆ ಹೋಗೋಣ ಎಂದರೆ, "ನಾನು ಆಚೆ ಹೋದಾಗ್ಲೇ ಅವ್ನು ಬಂದ್ರೆ?" ಎನ್ನುತ್ತಿದ್ದ. ಕನ್ನಮ್ಮನಿಗೆ ದುಃಖದ ಜೊತೆಗೇ ಸಿಟ್ಟೂ ಇತ್ತು. ಗಂಡನ ಹೆಣದ ಮುಂದೆ ಕೂತು ಸಿಟ್ಟು ಮಾಡಿಕೊಳ್ಳುವುದು ತಪ್ಪು ಎಂದು ಗೊತ್ತಿದ್ದೂ ಅದು ಇಳಿಯುತ್ತಿರಲಿಲ್ಲ. ಆದರೆ ಈಗ ವಿಮೆಯಿಂದ ಬರಬೇಕಾದ ನಾನ್ನೂರು ರೂಪಾಯಿ ಬಿಟ್ಟರೆ ಅವಳಿಗೂ ಮಗಳಿಗೂ ಬೇರೆ ಗತಿ ಇಲ್ಲ ಎಂಬುದೂ ಅಷ್ಟೇ ನಿಜವಾಗಿತ್ತು.

ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದವರು ಕೈ ನಿಲ್ಲಿಸಿ ದಾರಿಯ ಕಡೆ ನೋಡಿದರು. ಹೊಸನಗರದ ದಿಕ್ಕಿನಿಂದ ಎತ್ತಿನ ಗಾಡಿಯೊಂದು ಬರುತ್ತಿತ್ತು. ಗಾಡಿಯ ತುಂಬ ಹುಲ್ಲು ಸುತ್ತಿದ ಹೆಂಚು. ಮೂಗುಹಗ್ಗ ಹಿಡಿದು ಪಕ್ಕದಲ್ಲಿ ನಡೆದು ಬರುತ್ತಿದ್ದವನು ಅಂಗಳದ ಜನವನ್ನು ಕಂಡು ನಿಂತ. ಜನ ಯಾಕೆ ಸೇರಿದ್ದಾರೆಂದು ಅವನಿಗೆ ತಿಳಿಯಲಿಲ್ಲ. ಚಟ್ಟ ಕಣ್ಣಿಗೆ ಬಿದ್ದ ಮೇಲೆ ತಿಳಿಯಿತು.

"ಅಣ್ಣಯ್ಯಾ!" ಎಂದು ಕೂಗಿ ಅವನು ಎತ್ತುಗಳ ಮುಂದೆಯೇ ಕುಸಿದು ಕೂತ.

ಅವನು ಜಟ್ಟಪ್ಪನ ಒಬ್ಬನೇ ತಮ್ಮ ವಾಸಪ್ಪ. ಆರು ವರ್ಷದಿಂದ ಅವನು ಅಣ್ಣನ ಹೊಸ್ತಿಲು ತುಳಿದಿರಲಿಲ್ಲ.

*

ಶರಾವತಿಗೆ ಅಣೆಕಟ್ಟು ಏಳುತ್ತಿದ್ದಾಗ ಅಣ್ಣತಮ್ಮಂದಿರ ಊರು ಮುಳುಗಡೆಯ ಪಟ್ಟಿಗೆ ಸೇರಿತು. ಉಳುತ್ತಿದ್ದ ಗದ್ದೆ ಒಡೆಯರದು, ಪರಿಹಾರವೂ ಒಡೆಯರ ಪಾಲು. ಇವರದು ಎಂದು ಇದ್ದದ್ದು ಮನೆ ಒಂದೇ. ಜಟ್ಟಪ್ಪ ಹನ್ನೊಂದು ವರ್ಷ ಕೂಡಿಟ್ಟು ಹುಲ್ಲಿನ ಮಾಡು ತೆಗೆಸಿ ಮಂಗಳೂರು ಹೆಂಚು ಹೊದಿಸಿದ್ದ. ಆ ಕೇರಿಗೆ ಅದೇ ಮೊದಲ ಹೆಂಚಿನ ಮನೆ. ನೆಂಟರು ಬಂದರೆ ನೀರು ಕೊಡುವ ಮೊದಲು ಅಂಗಳಕ್ಕೆ ಕರೆದುಕೊಂಡು ಹೋಗಿ ಮಾಡು ತೋರಿಸುತ್ತಿದ್ದ.

ಮನೆಗಳ ಅಳತೆಗೆ ಅಧಿಕಾರಿ ಬರುತ್ತಾರೆ ಎಂದು ಸುದ್ದಿಯಾಯಿತು, ಯಾವತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಜಟ್ಟಪ್ಪ ಸಾಗರದಲ್ಲಿ ಜಾಗ ನೋಡಲು ಹೋದ. ಆ ನಾಲ್ಕು ದಿನದಲ್ಲಿ ವಾಸಪ್ಪನಿಗೆ ಅಣ್ಣನಿಗೊಂದು ಉಪಕಾರ ಮಾಡಬೇಕೆನ್ನಿಸಿತು. ನೀರು ಬಂದರೆ ಹೆಂಚೆಲ್ಲ ಹೋಗುತ್ತದೆ, ಅಣ್ಣ ಬರುವಷ್ಟರಲ್ಲಿ ಇಳಿಸಿ ಇಟ್ಟಿರೋಣ ಎಂದು ಒಬ್ಬನೇ ಮಾಡು ಹತ್ತಿದ. ಒಂದೂ ಒಡೆಯದಂತೆ ಇಳಿಸಿ, ಹುಲ್ಲು ಸುತ್ತಿ, ಗಾಡಿಗೆ ಹೇರಿದ. ಮರುದಿನ ಅಧಿಕಾರಿ ಬಂದ. ಅವನಿಗೆ ಕಂಡದ್ದು ಮಾಡಿಲ್ಲದ ನಾಲ್ಕು ಮಣ್ಣಿನ ಗೋಡೆ. ಕಂಡದ್ದನ್ನು ಬರೆದುಕೊಂಡು ಹೋದ.

ಜಟ್ಟಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಆ ಹೆಂಚು ನೀನೇ ಇಟ್ಕ. ಅದೂ ನನ್ನ ಕಣ್ಣಿಗೆ ಬೀಳೋದು ಬೇಡ, ನೀನೂ ಬೇಡ," ಎಂದ. ತಾನು ಸಾಗರದ ಕಡೆ ಬಂದು, ನಾಟಾ ಡಿಪೋ ಸೇರಿ, ಈ ಹೆಂಚಿನ ಮನೆ ಕಟ್ಟಿದ. ವಾಸಪ್ಪ ಹೊಸನಗರದ ಆಚೆ ಒಂದು ಹುಲ್ಲುಮಾಡಿನ ಬಿಡಾರ ಕಟ್ಟಿಕೊಂಡ. ಹೆಂಚುಗಳನ್ನು ಹಿತ್ತಿಲಲ್ಲಿ ಪೇರಿಸಿಟ್ಟ. ತನ್ನ ಮಾಡು ಸೋರಿದರೂ ಅದರಲ್ಲಿ ಒಂದನ್ನೂ ಮುಟ್ಟಲಿಲ್ಲ ಎಂದು ಕನ್ನಮ್ಮನಿಗೆ ನೆಂಟರಿಂದ ತಿಳಿದಿತ್ತು. ಗಂಡನಿಗೆ ಅದನ್ನು ಒಂದು ಸಲ ಹೇಳಿದ್ದಳು. ಅವನು ಅನ್ನದ ತಟ್ಟೆ ಬಿಟ್ಟು ಎದ್ದುಹೋಗಿದ್ದ.

*

"ಗಾಳಿಗೆ ಮಾಡು ಹೋಯ್ತು ಅಂತ ಬಸ್ಸಿನವ್ರು ಹೇಳಿದ್ರು ಅತ್ತಿಗೆ. ಈಗಾದ್ರೂ ಬೇಡ ಅನ್ಲಿಕ್ಕಿಲ್ಲ ಅಂತ ಹೇರ್ಕೊಂಡು ಹೊರಟೆ. ನಿನ್ನೆ ಬೆಳಿಗ್ಗೆಯಿಂದ ನಡೆದೆ. ಲಾರಿಗೆ ಹಾಕಿದ್ರೆ ನಿನ್ನೆ ಸಂಜೇನೇ ಬರ್ತಿದ್ದೆ, ಹೆಂಚು ಒಡೀತದೆ ಅಂತ..." ವಾಸಪ್ಪ ಹೆಗಲ ಮೇಲಿನ ಪಂಚೆಯಿಂದ ಮುಖ ಮುಚ್ಚಿಕೊಂಡ.

"ನಿನ್ನೆ ಸಂಜೆ ಇನ್ನೂ ಮಾತಾಡ್ತಿದ್ರು," ಎಂದಳು ಕನ್ನಮ್ಮ. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎನ್ನಿಸಿತು.

ಗಂಡು ಮಕ್ಕಳಿಲ್ಲದ್ದರಿಂದ ಬೆಂಕಿ ಇಡುವವನು ತಮ್ಮನೇ ಆದ. ಹೆಣ ಎತ್ತುವ ಹೊತ್ತಿಗೆ ಅಂಗಳ ಜನರ ಕಾಲಿಗೆ ಕೆಸರಾಗಿ ಜಾರುತ್ತಿತ್ತು. ಹೊರುವವರು ಜಾರಿದರೆ ಕಷ್ಟ ಎಂದು ಮಾಸ್ತಪ್ಪ ಪಾಪ ಆಚೀಚೆ ನೋಡಿದ. ಒಡೆದ ಹೆಂಚುಗಳ ಸಾಲು ಕಂಡಿತು. ನಾಲ್ಕು ಜನ ಸೇರಿ ಅವನ್ನೆಲ್ಲ ಎತ್ತಿ ಬಾಗಿಲಿಂದ ದಾರಿಯ ತನಕ ಕೆಸರಿಗೆ ಹಾಸಿದರು. "ಅಯ್ಯೋ, ಬೇಡ" ಎಂದು ಕನ್ನಮ್ಮ ಎದ್ದಳು. ಅದು ಅಳುವಿನಲ್ಲಿ ಸೇರಿಹೋಯಿತು. ಹೆಂಗಸರು ಅವಳ ತೋಳು ಹಿಡಿದು ಕೂರಿಸಿದರು. ಜಟ್ಟಪ್ಪ ತಾನೇ ಬರೆದ ನಂಬರುಗಳ ಮೇಲೆ ಹೋದ. ಹೊತ್ತವರ ಕಾಲಡಿಯಲ್ಲಿ ಅವು ಪಟಪಟ ಮುರಿದು ಕೆಸರಿನಲ್ಲಿ ಹೂತುಹೋದವು.

ಇನ್ನು ಆಫೀಸರಿಗೆ ತೋರಿಸಲು ಉಳಿದದ್ದು ಮಾಡಿನ ಬಯಲು ಒಂದೇ. ಮಸಣದಿಂದ ಬಂದವರು ಮಿಂದು, ಕೆರಿಯಮ್ಮನ ಮನೆಯಲ್ಲಿ ಗಂಜಿ ಕುಡಿದು ಚದುರಿದರು. ಕನ್ನಮ್ಮ ಅಡಿಗೆಮನೆಯಲ್ಲಿ ಮಗಳ ತೊಡೆಯ ಮೇಲೆ ತಲೆ ಇಟ್ಟಳು. ನಾಲ್ಕು ರಾತ್ರಿ ನಿದ್ದೆ ಇಲ್ಲದ ಕಣ್ಣು ಹಾಗೇ ಮುಚ್ಚಿಕೊಂಡಿತು.

ಎಚ್ಚರವಾದದ್ದು ಹೆಂಚಿನ ಸದ್ದಿಗೆ. ಜೊತೆಗೆ ಕೆರಿಯಮ್ಮನ ದನಿ. "ಸೂತಕದ ಮನೇಲಿ ಇದೆಲ್ಲ ಮಾಡ್ಬಾರ್ದು ಮಾರಾಯ."

"ಮಳೆ ಸೂತಕ ನೋಡ್ತದಾ ಕೆರಿಯಮ್ಮ? ಆಚೆ ನೋಡಿ, ಹೇಗೆ ಕಪ್ಪಾಗ್ಯದೆ."

ಕನ್ನಮ್ಮ ಪಡಸಾಲೆಗೆ ಓಡಿದಳು. ಬಯಲು ಮುಚ್ಚುತ್ತಾ ಬಂದಿತ್ತು. ಇನ್ನು ಎರಡು ಸಾಲು ಉಳಿದಿತ್ತು. ವಾಸಪ್ಪ ಒದ್ದೆ ಪಂಚೆ ಮೇಲೆ ಕಟ್ಟಿ, ರೀಪಿನ ಮೇಲೆ ಹೆಂಚು ಕೂರಿಸಿ, ಕೈಯಲ್ಲಿ ತಟ್ಟಿ ನೋಡಿ, ಮೊಣಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಮತ್ತೊಂದು ಕೂರಿಸುತ್ತಿದ್ದ.

"ಅಮ್ಮಾ, ಚಿಕ್ಕಪ್ಪಂಗೆ ಹೇಳು! ಆಫೀಸರು ನೋಡೋ..." ಎಂದು ಮಹಾಲಕ್ಷ್ಮೀ ಬಾಯಿ ತೆರೆದಳು. ಕನ್ನಮ್ಮ ಗಟ್ಟಿಯಾಗಿ ಅವಳ ಬಾಯಿ ಮುಚ್ಚಿದಳು.

ಹೇಳಿದರೆ ವಾಸಪ್ಪ ಇಳಿಯುತ್ತಾನೆ. ಅಣ್ಣ ಜೀವ ತೆತ್ತು ಕಾಯ್ದ ಬಯಲನ್ನು ತಾನು ಒಂದೇ ಮಧ್ಯಾಹ್ನದಲ್ಲಿ ಮುಚ್ಚಿದೆ ಎಂದು ತಿಳಿಯುತ್ತಾನೆ. ಒಂದು ಸಲ ಇಳಿಸಿ ಕೆಡಿಸಿದ, ಈ ಸಲ ಹೊದಿಸಿ ಕೆಡಿಸಿದ. ಅಣ್ಣನ ಚಿತೆಗೆ ಬೆಂಕಿ ಇಟ್ಟು ಬಂದ ದಿನ ಇದನ್ನು ಕೇಳಿ ಅವನು ಬದುಕಿರುತ್ತಾನೆ ಎಂದು ಅವಳಿಗೆ ಅನ್ನಿಸಲಿಲ್ಲ. ಒಂದೇ ಮನೆಯ ಇನ್ನೊಂದು ಹೆಣ ನೋಡುವ ಶಕ್ತಿ ಅವಳಿಗಿರಲಿಲ್ಲ. ಆಫೀಸರು ಇವತ್ತೊಂದು ದಿನ ಬಾರದಿರಲಿ ಎಂದು ಬೇಡಿಕೊಂಡಳು. ಹತ್ತೊಂಬತ್ತು ದಿನ ಬಾರದವನು ಇವತ್ತೇ ಯಾಕೆ ಬಂದಾನು?

ಮೂರೂವರೆಯ ಬಸ್ಸಿಗೆ ಅವನು ಬಂದ. ಚರ್ಮದ ಚೀಲ, ಕೊಡೆ, ಕೆಸರಾದ ಬೂಟು. ಕನ್ನಡಕದ ಎಳೆ ಪ್ರಾಯದವನು.

"ಜಟ್ಟಪ್ಪನವರ ಮನೆ ಇದೇ ಏನಮ್ಮ? ವಿಮಾ ಕಂಪನಿಯಿಂದ ಬಂದಿದೀನಿ."

ಕನ್ನಮ್ಮ ಬೇಲಿಯ ತನಕ ಹೋಗಿ ಅವನನ್ನು ತಡೆದಳು. "ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದಳು.

"ಯಾರು ಅತ್ತಿಗೆ?" ವಾಸಪ್ಪ ಮೇಲಿಂದ ಕೇಳಿದ.

"ಡಿಪೋದಿಂದ. ವಿಚಾರಿಸ್ಲಿಕ್ಕೆ ಬಂದಿದಾರೆ."

ಸರ್ವೇಯರು ಮಾಡಿನ ಕಡೆ ಕಣ್ಣು ಹಾಯಿಸಿದ. ಹಳೇ ಹೆಂಚು, ಅಲ್ಲಲ್ಲಿ ಒಣಗಿದ ಪಾಚಿ. ಮೇಲಿದ್ದವನು ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡುವವನ ಹಾಗೆ ಕಂಡ. "ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ಅರ್ಧ ಮಾಡು ಹಾರಿಹೋಗಿದೆ ಅಂತ ಬರೆದಿದ್ರು. ಎರಡು ಬಸ್ಸು ಬದಲಾಯಿಸಿ ಬಂದಿದೀನಿ. ಎಲ್ಲಿ, ಅವರನ್ನ ಕರೀರಿ."

"ಬೆಳಿಗ್ಗೆ ಹೋಗ್ಬಿಟ್ರು. ಈಗಷ್ಟೇ ಸುಟ್ಟು ಬಂದ್ರು."

ಅವನು ಕೈಯಲ್ಲಿದ್ದ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಮುಖ ಕೆಂಪಾಯಿತು. "ತಪ್ಪು ತಿಳೀಬೇಡಿ. ಗಾಳಿಗೆ ಏನಾದ್ರೂ ಹೋಗಿದ್ರೆ ಹೇಳಿ. ಒಡೆದ ಹೆಂಚು ಇದ್ರೂ ಸಾಕು, ತೋರಿಸಿ. ನಾನು ನೋಡಿದ್ದನ್ನೇ ಬರೀಬೇಕು."

ಒಂದು ಮಾತು ಸಾಕಿತ್ತು. ಬಾಯಿಯ ತನಕ ಬಂದೂ ಇತ್ತು. ಕನ್ನಮ್ಮ ಮೇಲೆ ನೋಡಿದಳು. ವಾಸಪ್ಪ ಕೊನೆಯ ಸಾಲಿನಲ್ಲಿದ್ದ. ಅವನ ಮುಖದಲ್ಲಿ ಬೆಳಿಗ್ಗೆ ಕಾಣದ ಒಂದು ನೆಮ್ಮದಿ ಇತ್ತು.

"ಅಂಥಾದ್ದೇನೂ ಹೋಗ್ಲಿಲ್ಲ," ಎಂದಳು. "ಅವ್ರಿಗೆ ಜ್ವರ ಇತ್ತು. ಜ್ವರದಾಗೆ ಏನೋ ಬರೆಸಿಬಿಟ್ಟಿದಾರೆ."

ಆ ಒಂದು ಮಾತಿನಿಂದ ಗಂಡನನ್ನು ಸುಳ್ಳುಗಾರ ಮಾಡಿಬಿಟ್ಟಿದ್ದಳು. ಕಾಗದದ ವಿಷಯದಲ್ಲಿ ಜಟ್ಟಪ್ಪ ಒಂದು ಅಕ್ಷರ ಹೆಚ್ಚು ಕಡಿಮೆ ಬರೆಸಿದವನಲ್ಲ.

ದಪ್ಪ ಹನಿ ಬೀಳತೊಡಗಿತು. ಸರ್ವೇಯರು ಚೀಲವನ್ನು ಎದೆಗವಚಿಕೊಂಡು ಪಡಸಾಲೆಗೆ ಓಡಿಬಂದ. ಈಗಷ್ಟೇ ಹೊದಿಸಿದ ಹೆಂಚಿನ ಕೆಳಗೆ ನಿಂತು, ಮಾಡಿಗೆ ಏನೂ ಆಗಿಲ್ಲ, ಪರಿಹಾರ ಕೇಳುವುದಿಲ್ಲ ಎಂದು ಎರಡು ಸಾಲು ಬರೆದ. ಓದಿ ಹೇಳಿದ. ಬಾಗಿಲ ಹಿಂದೆ ನಿಂತಿದ್ದ ಮಹಾಲಕ್ಷ್ಮೀ ಬಾಯಿಗೆ ಲಂಗದ ಅಂಚು ತುರುಕಿಕೊಂಡಿದ್ದಳು. ಅವನು ಚೀಲದಿಂದ ಮಸಿಯ ಡಬ್ಬಿ ತೆಗೆದ. ಕನ್ನಮ್ಮ ಹೆಬ್ಬೆಟ್ಟು ಒತ್ತಿದಳು.

ಮಳೆ ಜೋರಾಯಿತು. "ಅತ್ತಿಗೇ!" ಮೇಲಿಂದ ವಾಸಪ್ಪ ಕೂಗಿದ. "ಒಳಗೆ ನಿಂತು ನೋಡಿ ಸ್ವಲ್ಪ, ಎಲ್ಲಾದ್ರೂ ಸೋರ್ತದಾ?"

ಅವಳು ಮಸಿ ಹತ್ತಿದ ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡು, ತಲೆಯೆತ್ತಿ, ಈ ಗೋಡೆಯಿಂದ ಆ ಗೋಡೆಯ ತನಕ ನೋಡಿದಳು.

"ಇಲ್ಲ ವಾಸಪ್ಪ, ಎಲ್ಲೂ ಇಲ್ಲ. ಇಳಿದು ಬಾ."

ಸರ್ವೇಯರು ಹೆಬ್ಬೆಟ್ಟಿನ ಮಸಿ ಒಣಗಲೆಂದು ಕಾಗದದ ಮೇಲೆ ಮೆಲ್ಲಗೆ ಊದುತ್ತಾ, ಮಳೆ ನಿಲ್ಲುವುದನ್ನು ಕಾಯುತ್ತಾ ಅಲ್ಲೇ ನಿಂತಿದ್ದ.