ಎರಡನೆಯ ನುಡಿ

ಪದ್ಮಾಸನಕ್ಕೆ ಮಡಚಿದ ಕಾಲು ಬಿಚ್ಚದಂತೆ ಗುರುಶಾಂತ ಶಲ್ಯದಿಂದ ಬಿಗಿಯುತ್ತಿದ್ದಾಗ ಹಿಂದಿನಿಂದ ಚಿಗವ್ವ ಪಂಪಮ್ಮ ಹೇಳಿದಳು: “ಭಜನಿಯೋರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸು. ಕೆಳಗಿನ ಓಣಿ ರಾಮಣ್ಣ ಹಾಡಬೇಕು. ನಿಮ್ಮ ಚಿಗಪ್ಪ ಹಂಗಂತ ಹೇಳಿ ಹೋಗ್ಯಾರ.”

ಗುರುಶಾಂತನ ಕೈಯ ಗಂಟು ಸಡಿಲಾಯಿತು. ಬೆಳಗಿನ ಜಾವ ತೀರಿಕೊಂಡು ಈಗ ಗೋಡೆಗೆ ಒರಗಿ ಕೂತ ಚಿಗಪ್ಪ ಏಕಾಂತಪ್ಪ ಮೇಷ್ಟ್ರು ಹಣೆ ತುಂಬ ವಿಭೂತಿ ಬಳಿಸಿಕೊಂಡು, ಈ ಮಾತಿಗೆ ತಾವು ಜವಾಬ್ದಾರರಲ್ಲ ಎಂಬಂತೆ ಕಣ್ಣು ಮುಚ್ಚಿದ್ದರು.

“ಚಿಗವ್ವ, ಆ ಓಣಿಯೋರು ಹೆಣದ ಮುಂದ ಹಲಗಿ ಬಾರ್ಸೋದು ಬಿಟ್ಟು ನಾಕು ವರ್ಷಾತು. ಕೊಟ್ಟೂರಾಗ ಯಾರ ಮನಿಗೂ ಬರಂಗಿಲ್ಲ.”

“ಹಲಗಿ ಬ್ಯಾಡ. ಹಾಡು ಸಾಕು.”

“ಹಾಡೂ ಬಿಟ್ಟಾರ. ಊರಿಗೆ ಕೊಟ್ಟ ಕಾಗದದಾಗ ಎರಡೂ ಬರದೈತಿ.”

“ಬರದೋರು ಯಾರಂತ ಕೇಳು,” ಎಂದ ಪಾಲಯ್ಯ. ಮೇಷ್ಟ್ರ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಂಟೆ ಹೊಡೆದವನು, ಈಗ ಬಾಗಿಲ ಬಳಿ ಕೂತು ಬಿಲ್ವಪತ್ರೆ ಬಿಡಿಸುತ್ತಿದ್ದ. “ಇಲ್ಲಿ ಕುಂತಾರಲ್ಲ, ಇವರ ಬರದಾರ. ಅಕ್ಷರ ಭಾಳ ದುಂಡಗ ಅದಾವು.”

“ಗೊತ್ತೈತಿ ನನಗ,” ಎಂದಳು ಪಂಪಮ್ಮ. “ನೀನ ಹೋಗಿ ಕರಕೊಂಡು ಬಾ ಪಾಲಯ್ಯ. ಬರಲ್ಲ ಅಂದ್ರ ಯಾಕಂತ ಕೇಳ್ಕೊಂಡು ಬಾ.”

*

ಇದಕ್ಕೆಲ್ಲ ಕಾರಣ ಒಂದು ಇಂಗ್ಲಿಷ್ ವಿಶ್ವಕೋಶದ ಬಿಡಿ ಸಂಪುಟ. ನೌಕರಿ ಸೇರಿದ ಹೊಸತರಲ್ಲಿ ಮೇಷ್ಟ್ರಿಗೆ ಬಳ್ಳಾರಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತ್ತು. ಎರಡು ಸಾವಿರ ವರ್ಷದ ಹಿಂದೆ ಇರಾನನ್ನು ಆಳಿದ ಪಾರ್ಥಿಯರಲ್ಲಿ ಗೋಸಾನರೆಂಬ ಹಾಡುಗಾರರಿದ್ದರಂತೆ. ಅರಸನ ಔತಣದಲ್ಲಿ ಹಾಡುವವರೂ ಅವರೇ, ಸಮಾಧಿಯ ಬಳಿ ಹಾಡುವವರೂ ಅವರೇ. ಹೊಗಳುತ್ತಿದ್ದರು, ಅಣಕಿಸುತ್ತಿದ್ದರು. ಎಲ್ಲವೂ ಬಾಯಲ್ಲಿ. ಹೀಗಾಗಿ ಅವರು ಹಾಡಿದ ಧಾಟಿಯಲ್ಲಿ ಒಂದು ಹಾಡೂ ಉಳಿದಿಲ್ಲ.

ಈ ಕೊನೆಯ ವಾಕ್ಯವನ್ನು ಮೇಷ್ಟ್ರು ಸ್ವಂತ ಅವಮಾನವೆಂದು ತೆಗೆದುಕೊಂಡರು. ಮೈಸೂರಿಗೆ, ಪುಣೆಗೆ, ಟೆಹರಾನಿಗೆ ಕಾಗದ ಬರೆದರು. ಟೆಹರಾನಿನಿಂದ ಒಮ್ಮೆ ಉತ್ತರ ಬಂತು. ಪಾರಸಿ ಓದಬಲ್ಲವರು ಕೊಟ್ಟೂರಿನಲ್ಲಿ ಸಿಗದ್ದರಿಂದ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಬಿಟ್ಟರು. ಪಠ್ಯದಲ್ಲಿ ಅರ್ಧ ಸಾಲಿದ್ದ ಪಾರ್ಥಿಯಕ್ಕೆ ಇತಿಹಾಸದ ತರಗತಿಯಲ್ಲಿ ಎರಡು ವಾರ ತಗಲುತ್ತಿತ್ತು. ಅಶೋಕ ಚಕ್ರವರ್ತಿ ಪ್ರತಿ ವರ್ಷವೂ ಪರೀಕ್ಷೆಯ ಹಿಂದಿನ ದಿನ ಓಡುತ್ತ ಬಂದು ಓಡುತ್ತ ಹೋಗುತ್ತಿದ್ದ.

ಪಕ್ಕದ ಮನೆಯ ದೊಡ್ಡಬೀರಪ್ಪ ತೀರಿಕೊಂಡ ದಿನ ಮೇಷ್ಟ್ರು ರಾಮಣ್ಣನ ಹಾಡನ್ನು ಮೊದಲು ಕೇಳಿದ್ದು. ಹೆಣ ಎತ್ತುವ ಮುಂಚೆ ಹಲಗೆ ನಿಂತಿತು. ರಾಮಣ್ಣ ಮೂರು ನುಡಿ ಹಾಡಿದ. ಅವನ ಮನೆತನದ ಪದ್ಧತಿ ಅದು: ಮೊದಲ ನುಡಿ ಹೊಗಳಿಕೆ, ಎರಡನೆಯದು ಸತ್ತವನ ತಪ್ಪು, ಮೂರನೆಯದು ಕಳಿಸಿಕೊಡುವುದು. ಎರಡನೆಯ ನುಡಿಗೆ ಯಾರೂ ಸಿಟ್ಟಾಗುವಂತಿಲ್ಲ. ಬೀರಪ್ಪ ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಆಚೆ ತಳ್ಳುತ್ತಿದ್ದುದನ್ನು ರಾಮಣ್ಣ ರಾಗವಾಗಿ ಹಾಡಿದಾಗ ಅವನ ಮಕ್ಕಳೇ ತಲೆಯಾಡಿಸಿ ಅತ್ತರು.

ಮೇಷ್ಟ್ರು ಮನೆಗೆ ಓಡಿ ಬಂದರು. “ಪಂಪಾ, ಗೋಸಾನ ಸಿಕ್ಕ. ಕೆಳಗಿನ ಓಣ್ಯಾಗ ಅದಾನ.”

ಅಂದಿನಿಂದ ಪ್ರತಿ ರವಿವಾರ ರಾಮಣ್ಣ ಬರುತ್ತಿದ್ದ. ಚಾ ಕುಡಿದು ಹಾಡುತ್ತಿದ್ದ. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಬರಕೊಳ್ಳಬಾರದ?” ಎಂದು ಪಂಪಮ್ಮ ಕೇಳಿದರೆ, “ಮೊದ್ಲು ನನ್ನ ಪುಸ್ತಕದಾಗ ಪಾರ್ಥಿಯದ ಅಧ್ಯಾಯ ಮುಗೀಲಿ. ಇವ ಎಲ್ಲಿ ಹೋಗ್ತಾನ?” ಎನ್ನುತ್ತಿದ್ದರು.

ನೋಟುಬುಕ್ಕುಗಳಿಂದ ಮೂರು ಟ್ರಂಕು ತುಂಬಿದವು, ಎಲ್ಲವೂ ಇಲ್ಲದ ಹಾಡುಗಳ ಕುರಿತು. ಇದ್ದ ಹಾಡಿನದು ಒಂದು ಹಾಳೆಯೂ ಇರಲಿಲ್ಲ.

*

ತೊಂಬತ್ನಾಲ್ಕರಲ್ಲಿ ಕೆಳಗಿನ ಓಣಿಯವರು ಸಭೆ ಸೇರಿ, ಇನ್ನು ಮುಂದೆ ಮಂದಿಯ ಹೆಣದ ಮುಂದೆ ಬಾರಿಸುವುದೂ ಇಲ್ಲ, ಹಾಡುವುದೂ ಇಲ್ಲ ಎಂದು ತೀರ್ಮಾನಿಸಿದರು. ಊರಿಗೆ ತಿಳಿಸುವ ಕಾಗದ ಚೆನ್ನಾಗಿ ಬರೆಯಬೇಕಲ್ಲ, ಮೇಷ್ಟ್ರ ಬಳಿ ಬಂದರು. ಜೊತೆಗೆ ರಾಮಣ್ಣ, ಅವನ ಮಗಳು ಸಮತಾ. ಸಮತಾ ಮೇಷ್ಟ್ರ ಶಿಷ್ಯೆ, ಆಗಷ್ಟೇ ಟೀಚರ್ ಆಗಿದ್ದಳು.

ಮೇಷ್ಟ್ರು ಉತ್ಸಾಹದಿಂದ ಬರೆದರು. ‘ಮಾನವ ಘನತೆ’ ಎಂಬ ಮಾತು ನಾಲ್ಕು ಕಡೆ ಬಂತು. ಓದಿ ಹೇಳಿದ ಮೇಲೆ ರಾಮಣ್ಣ ಮೆಲ್ಲಗೆ ಕೇಳಿದ: “ಮೇಷ್ಟ್ರ, ಹಂಗಾದ್ರ ನಿಮಗೂ ಇಲ್ಲ?”

ಮೇಷ್ಟ್ರು ಕೆಳಗೆ ಇನ್ನೊಂದು ಸಾಲು ಬರೆದರು: ‘ಎಷ್ಟೇ ಬೇಕಾದವರಿರಲಿ, ಈ ಕಾಗದ ಬರೆದವನೂ ಸೇರಿ, ಯಾರಿಗೂ ವಿನಾಯಿತಿ ಇಲ್ಲ.’

ಅವತ್ತು ಅವರು ಊಟ ಮಾಡಲಿಲ್ಲ. ರವಿವಾರದ ಹಾಡೂ ನಿಂತಿತು. ಮೊನ್ನೆ ಹಾಸಿಗೆ ಹಿಡಿದಾಗ ಪಂಪಮ್ಮನ ಕೈ ಹಿಡಿದು ಹೇಳಿದರು: “ರಾಮಣ್ಣಗ ಒಂದು ಮಾತು ಕೇಳಿ ನೋಡು. ಎರಡನೇ ನುಡಿ ಏನು ಹಾಡ್ತಾನೋ ಅಂತ ಜೀವ ಕಾಯ್ಕೊಂಡೈತಿ.”

ಅದನ್ನು ಕೇಳಲು ತಾವು ಇರುವುದಿಲ್ಲ ಎಂಬುದು ಅವರ ಲಕ್ಷ್ಯಕ್ಕೆ ಬಂದಂತಿರಲಿಲ್ಲ.

*

ರಾಮಣ್ಣ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಾರ, ಪಕ್ಕದಲ್ಲಿ ಸಮತಾ. ಪಡಸಾಲೆಯಲ್ಲಿ ಕೂತವರು ಸರಿದು, ಬೇಕಾದ್ದಕ್ಕಿಂತ ಹೆಚ್ಚು ಜಾಗ ಬಿಟ್ಟರು. ಅವನು ಹಾರ ಹಾಕಿ ಕೈಮುಗಿದು ಹಿಂದೆ ಸರಿಯುವಷ್ಟರಲ್ಲಿ ಗುರುಶಾಂತ ತಡೆದ.

“ರಾಮಣ್ಣ, ಕುಣಿ ತೋಡಿ ಆಗೈತಿ, ಹೊತ್ತು ಮುಣುಗೋದ್ರೊಳಗ ಮಣ್ಣು ಆಗಬೇಕು. ಮೂರು ನುಡಿ ಅಂದುಬಿಡು.”

“ಆಗಂಗಿಲ್ಲ ಸಾವ್ಕಾರ್ರ.”

“ಯಾರು ನೋಡ್ತಾರ? ಬಾಗಿಲು ಹಾಕ್ತೀವಿ ಬೇಕಾದ್ರ.”

“ಅದ ಬ್ಯಾಡ ಅಂತ ನಮ್ಮ ಸರ್ ಬರದುಕೊಟ್ಟಿದ್ದು,” ಎಂದಳು ಸಮತಾ. “ಇವತ್ತು ಅಪ್ಪ ಹಾಡಿದ್ರ ನಾಳಿ ಓಣ್ಯಾಗಿನ ಎಲ್ಲಾರ ಮನಿ ಬಾಗಿಲು ಬಡೀತಾರ. ಮೇಷ್ಟ್ರಿಗೆ ಹಾಡಿದಿ, ನಮಗ ಯಾಕಿಲ್ಲ ಅಂತ.”

“ಅವರ ಆಸೆನವ್ವ ಅದು,” ಎಂದ ಗುರುಶಾಂತ.

“ಅವರ ಸಹಿನೂ ಐತಲ್ರಿ.”

ಪಂಪಮ್ಮ ಮುಂದೆ ಬಂದಳು. ಮೂವತ್ತು ವರ್ಷ ಆ ಟ್ರಂಕುಗಳ ಧೂಳು ಒರೆಸಿದವಳು ಅವಳು. ಗಂಡ ಕೇಳಿದ್ದು ಒಂದೇ ಒಂದು, ಅದೂ ಕೈಗೆ ಸಿಗುತ್ತಿಲ್ಲ.

“ರಾಮಣ್ಣ, ಇಪ್ಪತ್ತು ವರ್ಷ ಈ ಮನಿ ಚಾ ಕುಡದೀಯ. ನೆಪ್ಪಿಲ್ಲೇನು?”

ರಾಮಣ್ಣ ಅವಳನ್ನು ನೋಡಿದ. ದನಿ ಏರಿಸಲಿಲ್ಲ.

“ನೆಪ್ಪೈತವ್ವ. ಹೊರಗ ಕಟ್ಟಿ ಮ್ಯಾಲೆ ಕುಡದೀನಿ. ಗೋಡಿ ಮಾಡದಾಗ ನನ್ನ ಲೋಟ ಬ್ಯಾರೆ ಇತ್ತು, ತೊಳದು ಬೋರಲು ಹಾಕ್ತಿದ್ದೆ. ಒಳಗ ಬಂದಿದ್ದು ಇವತ್ತ.”

ಗೋಸಾನ ಅರಸನಿಗೂ ಆಳಿಗೂ ಬೇಕಾದವನಾಗಿದ್ದ ಎಂಬ ಸಾಲಿನ ಕೆಳಗೆ ಮೇಷ್ಟ್ರು ಮೂರು ನೋಟುಬುಕ್ಕುಗಳಲ್ಲಿ ಕೆಂಪು ಗೆರೆ ಎಳೆದಿದ್ದರು. ಆ ನೋಟುಬುಕ್ಕುಗಳು ಇದೇ ಪಡಸಾಲೆಯಲ್ಲಿದ್ದವು.

ಪಂಪಮ್ಮ ಒಳಗೆ ಹೋದಳು. ಅಳಲು ಹೋದಳೆಂದು ಎಲ್ಲರೂ ತಿಳಿದರು. ಅವಳು ಮೇಷ್ಟ್ರ ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಬಂದು ಹೆಣದ ಎದುರಿಗೆ ಇಟ್ಟಳು.

“ಕುಂದ್ರು.”

“ಬ್ಯಾಡವ್ವ.”

“ಕುಂದ್ರು ಅಂದೆ. ನೀನು ಹಾಡಬ್ಯಾಡ. ಇಪ್ಪತ್ತು ವರ್ಷ ಒಳಗ ನಿಂತು ನಾನೂ ಕೇಳೀನಿ.”

ರಾಮಣ್ಣ ಮಗಳನ್ನು ನೋಡಿದ. ಅವಳು ತಲೆಯಾಡಿಸಿದಳು. ಅವನು ಕುರ್ಚಿಯ ತುದಿಯಲ್ಲಿ ಕೂತ.

ಪಂಪಮ್ಮ ಸೆರಗು ಬಿಗಿದು ಗಂಡನ ಮುಂದೆ ನಿಂತಳು. “ಮೂರು ಟ್ರಂಕು ತುಂಬಿದ್ಯೋ,” ಎಂದು ಎಳೆದಳು. ರಾಗ ಒಂದು ಕಡೆ, ಮಾತು ಒಂದು ಕಡೆ ಹೋಯಿತು. “ಕಟ್ಟಿ ಮ್ಯಾಲೆ ಕುಂತವನ್ನ ಒಳಗ ಕರೀಲಿಲ್ಲೋ…”

“ಚಿಗವ್ವ, ಮಂದಿ ಅದಾರ,” ಎಂದ ಗುರುಶಾಂತ.

“ಅದು ಎರಡನೇದು,” ಎಂದ ರಾಮಣ್ಣ. “ಮೊದ್ಲು ಹೊಗಳಬೇಕವ್ವ.”

“ಹೊಗಳಾಕ ಏನೈತಿ?”

“ಹುಡುಕಬೇಕು. ಎಲ್ಲಾರ ಹೆಣಕ್ಕೂ ನಾವು ಹುಡುಕ್ತಿದ್ವಿ.”

ಅವಳು ನಿಂತು ಹುಡುಕಿದಳು. ಹೊರಗೆ ಹೆಣ ಹೊರುವ ವಿಮಾನ ಕಟ್ಟಿದವರು ಬಿದಿರಿಗೆ ಕೈ ಹಾಕಿ ಕಾಯುತ್ತಿದ್ದರು.

“ಕಾಗದ ಬೇಡಿದೋರಿಗೆ ಬರಕೊಟ್ಯೋ,” ಎಂದಳು ಕೊನೆಗೆ. “ನಿನ್ನ ಹೆಸರೂ ಸೇರ್ಸಿ ಬರಕೊಟ್ಯೋ…”

ಸಮತಾ ಮುಖ ಅತ್ತ ತಿರುಗಿಸಿಕೊಂಡಳು. ಪಂಪಮ್ಮ ಅದನ್ನೇ ಇನ್ನೊಮ್ಮೆ ಎತ್ತಿಕೊಂಡಳು. ಮೇಲಕ್ಕೆ ಹೋಗಬೇಕಾದಲ್ಲಿ ದನಿ ಒಡೆದು ಕೆಳಗೆ ಬಿತ್ತು. ನಿಲ್ಲಬಾರದ ಕಡೆ ನಿಂತು ಉಸಿರು ಎಳೆದುಕೊಂಡು ಮತ್ತೆ ಕಟ್ಟೆಯ ಮಾತಿಗೆ ಹೋದಳು, ಲೋಟದ ಮಾತಿಗೆ ಬಂದಳು. ಒಂದು ಸಾಲೂ ತಾಳಕ್ಕೆ ಕೂರಲಿಲ್ಲ.

ಬೆತ್ತದ ಕುರ್ಚಿಯಲ್ಲಿ ರಾಮಣ್ಣನ ಬಲಗೈಯ ಬೆರಳು ತಾಳ ಹಿಡಿಯಲು ತೊಡೆಯ ಮೇಲಿಂದ ಎದ್ದವು. ಅವನು ಎಡಗೈಯಿಂದ ಅವನ್ನು ಅದುಮಿ ಹಿಡಿದು, ಹಾಡು ಮುಗಿಯುವವರೆಗೂ ಹಾಗೆಯೇ ಕೂತಿದ್ದ.